ಮಾನ್ವಿ ಅಂಗಡಿಯ ಫೈಟರ್ ಮೀನು

ಹೋದ ವರ್ಷ ದಸರಾ ಮುಗಿದ ವಾರವೇ ನನ್ನ ತಂಗಿ ರೇಣುಕಾಳ ಗಂಡ ಬಸವರಾಜ ತೀರಿಕೊಂಡ. ಮಾನ್ವಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಸಿರವಾರದಿಂದ ಬೈಕಿನಲ್ಲಿ ಬರುವಾಗ ಲಾರಿ ಬಡಿಯಿತು. ಅವರಿಗೆ ಇನ್ನೂ ಮಕ್ಕಳಾಗಿರಲಿಲ್ಲ. ದಿನಕರ್ಮ ಮುಗಿದ ಮೇಲೆ ನಾನು ರೇಣುಕಾಳನ್ನು ರಾಯಚೂರಿನ ನಮ್ಮ ಮನೆಗೆ ಕರೆದುಕೊಂಡು ಬಂದೆ. ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಕರೆದರೆ ಉಣ್ಣುತ್ತಿದ್ದಳು, ಇಲ್ಲದಿದ್ದರೆ ಗೋಡೆ ನೋಡುತ್ತಾ ಕೂಡುತ್ತಿದ್ದಳು.

ಅಂಗಡಿ ಬಾಡಿಗೆಯದು, ಖಾಲಿ ಮಾಡಬೇಕಿತ್ತು. ನಾನೂ ನನ್ನ ಗಂಡನೂ ಮಾನ್ವಿಗೆ ಹೋಗಿ ಶಟರ್ ಎತ್ತಿದೆವು. ಒಳಗೆ ಗಬ್ಬು ವಾಸನೆ. ಕೌಂಟರಿನ ಮೇಲೆ ಗಾಜಿನ ಭರಣಿ, ಅದರಲ್ಲಿ ಬಸವರಾಜ ಸಾಕಿದ್ದ ನೀಲಿ ಫೈಟರ್ ಮೀನು. ಗಿರಾಕಿಗಳ ಮಕ್ಕಳೆಲ್ಲ ನೋಡಲು ಮುಗಿಬೀಳುತ್ತಿದ್ದ ಮೀನು ಅದು. ಸತ್ತಿದೆ ಅಂದುಕೊಂಡೆ. ಭರಣಿ ಎತ್ತಿದಾಗ ಮೆಲ್ಲಗೆ ಬಾಯಿ ತೆರೆಯಿತು. ಅಷ್ಟು ದಿನ ಕೂಳಿಲ್ಲದೆ, ಹೊಲಸು ನೀರಿನಲ್ಲಿ ಅದು ಹೇಗೆ ಉಳಿಯಿತೋ. ಸೀರೆಯ ಸೆರಗಿನಂತಿದ್ದ ಬಾಲ ಹರಿದು ಚಿಂದಿಯಾಗಿತ್ತು, ರೆಕ್ಕೆಗಳ ಅಂಚು ಕಪ್ಪಾಗಿ ಕೊಳೆತಿತ್ತು.

ಮನೆಗೆ ತಂದಾಗ ರೇಣುಕಾ ಒಮ್ಮೆ ನೋಡಿ ಮುಖ ತಿರುಗಿಸಿದಳು. "ಅವರೇ ಹೋದ ಮ್ಯಾಲ ಇದ್ಯಾಕ ಉಳೀಬೇಕಕ್ಕಾ?" ಅಂದಳು.

ನಮ್ಮ ಓಣಿಗೆ ಹತ್ತಿರ ಸಾಕುವ ಬಣ್ಣದ ಮೀನು ಮಾರುವ ಅಂಗಡಿಯಿದೆ. ಅಲ್ಲಿಯ ಸಲೀಂಭಾಯಿ ನೋಡಿ, ಹೊಲಸು ನೀರಿನಿಂದ ರೆಕ್ಕೆ ಕೊಳೆತಿವೆ, ನೀರು ಚೊಕ್ಕ ಇದ್ದರೆ ಮತ್ತೆ ಬೆಳೆಯಬಹುದು, ಆದರೆ ಮೀನು ಬಹಳ ಸೊರಗಿದೆ, ಆಸೆ ಇಟ್ಟುಕೊಳ್ಳಬೇಡಿ ಅಂದರು. ನಲ್ಲಿ ನೀರನ್ನು ಒಂದು ದಿನ ಹಾಗೇ ಇಟ್ಟು ಆಮೇಲೆ ಹಾಕಬೇಕು, ಅದರಲ್ಲಿ ಒಣಗಿದ ಬಾದಾಮಿ ಎಲೆ ನೆನೆಸಬೇಕು ಅಂತಲೂ ಹೇಳಿದರು. ಬಾದಾಮಿ ಮರಕ್ಕೇನು, ನಮ್ಮ ಓಣಿಯ ತುದಿಯಲ್ಲೇ ಇತ್ತು. ಬಿದ್ದ ಎಲೆ ಆರಿಸಿ ತೊಳೆದು ಹಾಕಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತು. ಮೀನು ತಳಕ್ಕೆ ಹೋಗಿ ಎಲೆಯ ಮೇಲೆ ಒರಗಿತು.

ಆಮೇಲೆ ಒಂದು ದಿನ ನನಗೆ ಜ್ವರ ಬಂದು ಏಳಲಾಗಲಿಲ್ಲ. ಸಂಜೆ ಎದ್ದು ನೋಡಿದರೆ ರೇಣುಕಾ ಭರಣಿಯ ಮುಂದೆ ಕೂತು ಲೋಟದಿಂದ ಮೆಲ್ಲಗೆ ಹೊಸ ನೀರು ಹಾಕುತ್ತಿದ್ದಳು. ಅವತ್ತಿನಿಂದ ಆ ಕೆಲಸ ಅವಳದೇ ಆಯಿತು. ಮೀನಿನ ಆಹಾರದ ಕಾಳು ಒಂದೊಂದಾಗಿ ಹಾಕುವಳು, ತಿನ್ನದಿದ್ದರೆ ತೆಗೆದು ಬಿಸಾಡುವಳು. ಎಷ್ಟೋ ದಿನ ಏನೂ ಆಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನನ್ನನ್ನು ಕೂಗಿ ತೋರಿಸಿದಳು. ಹರಿದ ಬಾಲದ ಅಂಚಿನಲ್ಲಿ ನೀರಿನಷ್ಟೇ ತಿಳಿಯಾದ ಹೊಸ ಪೊರೆ ಮೂಡಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಮೀನು ಮೇಲೆ ಬಂದು ಈಜತೊಡಗಿತು. ಅಷ್ಟರಲ್ಲಿ ನೀರಿನ ಮೇಲೆ ಸಾಬೂನಿನ ನೊರೆಯಂಥದ್ದು ಕಂಡಿತು. ಮತ್ತೇನು ರೋಗ ಬಂತೋ ಎಂದು ರೇಣುಕಾ ಗಾಬರಿಯಾದಳು. ತಾನೇ ಭರಣಿ ಎತ್ತಿಕೊಂಡು ನನ್ನ ಜೊತೆ ಹೊರಟಳು. ನಮ್ಮ ಮನೆಗೆ ಬಂದ ಮೇಲೆ ಅವಳು ಹೊಸ್ತಿಲು ದಾಟಿದ್ದು ಅದೇ ಮೊದಲು.

ಸಲೀಂಭಾಯಿ ನೋಡಿ ನಕ್ಕರು. "ರೋಗ ಅಲ್ರೀ ತಂಗೀ, ಮೀನು ಪೂರಾ ಆರಾಮ ಆಗ್ಯಾದ. ಇದು ಗಂಡು. ಹೆಣ್ಣು ಬರ್ತದಂತ ಬಾಯಿಂದ ನೊರಿ ಬಿಟ್ಟು ಗೂಡು ಕಟ್ಯಾದ. ಹೆಣ್ಣಿಲ್ಲಂದ್ರೂ ಕಟ್ತದ."

ಅವರಿಗೆ ನಮ್ಮ ಮನೆಯ ಸಂಗತಿ ಗೊತ್ತಿರಲಿಲ್ಲ. ರೇಣುಕಾ ತಲೆಯಾಡಿಸಿ ಹೊರಗೆ ಬಂದಳು. ಅರ್ಧ ದಾರಿಯಲ್ಲಿ ಬಾದಾಮಿ ಮರದ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಯಾರೂ ಬರಂಗಿಲ್ಲಂತ ಅದಕ್ಕ ಗೊತ್ತಿಲ್ಲೇನಕ್ಕಾ?" ಅಂದವಳೇ ಅಳತೊಡಗಿದಳು. ಭರಣಿ ಬೀಳದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅವಳನ್ನು ತಬ್ಬಿಕೊಂಡೆ. ಹೋಗಿ ಬರುವವರು ನಿಂತು ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟೆ.

ಈಗ ರೇಣುಕಾ ತವರೂರು ದೇವದುರ್ಗದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಸಣ್ಣ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಮೀನನ್ನೂ ಒಯ್ದಿದ್ದಳು. ಈ ಮಳೆಗಾಲದಲ್ಲಿ ಒಂದು ದಿನ ಫೋನ್ ಮಾಡಿ, ಮೀನು ಹೋಯಿತು ಅಂದಳು. ವಯಸ್ಸಾಗಿತ್ತೇನೋ, ಯಾವ ರೋಗವೂ ಇರಲಿಲ್ಲವಂತೆ. ಅವಳು ಮತ್ತೆ ಗೋಡೆ ನೋಡುತ್ತಾ ಕೂತಾಳೆಂದು ಹೆದರಿದೆ.

"ನಾನೇ ಕೈಯಾಗ ಹಿಡಕೊಂಡು ಮಣ್ಣು ಮಾಡೀನಕ್ಕಾ," ಅಂದಳು. "ಅವರಿಗೆ ಅಷ್ಟೂ ಮಾಡಾಕ ಬಿಡಲಿಲ್ಲ ನೀವು," ಅಂದಳು.

ನಿಜ. ಬಸವರಾಜನನ್ನು ಆಸ್ಪತ್ರೆಯಿಂದ ಬಟ್ಟೆ ಸುತ್ತಿ ತಂದಿದ್ದರು. ನೋಡಿದರೆ ತಡೆಯಲಾರಳೆಂದು ಹಿರಿಯರು ಅವಳನ್ನು ಹತ್ತಿರ ಬಿಟ್ಟಿರಲಿಲ್ಲ. ಎಲ್ಲರೂ ಅವಳ ಒಳ್ಳೆಯದಕ್ಕೇ ಮಾಡಿದ್ದು. ಆದರೂ ಅವತ್ತಿನಿಂದ ಯಾರದೇ ಮನೆಗೆ ಸಾವಿಗೆ ಹೋದರೂ, ಒಳಗೆ ಕೂತ ಹೆಂಗಸನ್ನು ಒಮ್ಮೆ ಸತ್ತವರ ಮುಖ ನೋಡಲು ಬಿಡಿರಿ ಎಂದು ಕೇಳುತ್ತೇನೆ.