ಪದರದ ಮೇಲಿನ ಖಾಲಿ ಜಾಗ

ನನ್ನ ಡೈರಿಯ ಪ್ರತಿ ಪುಟದಲ್ಲೂ ಐದು ಅಂಕಣಗಳಿವೆ: ತಾರೀಖು, ಎಲ್ಲಿದ್ದೆ, ಯಾವ ಲೆಕ್ಕ ಓಡಿಸಿದೆ, ಎಷ್ಟು ತಾಸು ಹಿಡಿಯಿತು, ಏನು ಬಂತು. ಈ ಚಟ ಅಪ್ಪನಿಂದ ಬಂದದ್ದು. ಮಸರಕಲ್‌ನಲ್ಲಿ ಸಂಜೆ ಕುರಿಗಳನ್ನು ದೊಡ್ಡಿಗೆ ಬಿಡುವಾಗ ಅವನು ಜೋಡಿ ಜೋಡಿಯಾಗಿ ಎಣಿಸುತ್ತಿದ್ದ, ನಾನು ಗೋಡೆಯ ಮೇಲೆ ಇದ್ದಿಲಿನಿಂದ ಗೀರು ಹಾಕುತ್ತಿದ್ದೆ. ಲೆಕ್ಕ ತಪ್ಪಿತೆಂದರೆ ಎಲ್ಲವನ್ನೂ ಹೊರಗೆ ಹೊಡೆದು ಮೊದಲಿನಿಂದ ಶುರು. ನಡುವಿನಿಂದ ಎಣಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಈಗ ನಾನು ಲೆಕ್ಕ ಹಾಕುವುದು ಪರಮಾಣುಗಳನ್ನು. ಒಂದೇ ಪರಮಾಣುವಿನಷ್ಟು ದಪ್ಪದ ಪದರಗಳು ಹೇಗೆ ವರ್ತಿಸುತ್ತವೆ ಎಂಬುದು ನನ್ನ ವಿಷಯ. ಯಾವುದನ್ನೂ ಕೈಯಲ್ಲಿ ಮುಟ್ಟುವುದಿಲ್ಲ, ಎಲ್ಲವೂ ಕಂಪ್ಯೂಟರಿನಲ್ಲೇ. ನನಗೆ ಪಿಎಚ್‌ಡಿ ಮಾಡಿಸಿದ ಸರ್ ಈ ದಾರಿ ಹಿಡಿದದ್ದಕ್ಕೆ ಕೊಡುವ ಕಾರಣ ಸರಳವಾಗಿದೆ. ಅವರು ಓದುವಾಗ ವಿಭಾಗದಲ್ಲಿದ್ದ ಒಂದೇ ಉಪಕರಣ ಕೆಟ್ಟು ಕುಳಿತಿತ್ತಂತೆ. ಥಿಯರಿಗೆ ಪೆನ್ನು, ಹಾಳೆ ಮತ್ತು ಯಾರದಾದರೂ ಕಂಪ್ಯೂಟರ್ ಇದ್ದರೆ ಸಾಕು. ಮಾನ್ವಿಯಲ್ಲಿ ಕೂಲಿ ಮಾಡುತ್ತಿದ್ದ ಮನೆಯಿಂದ ಮೊದಲು ಕಾಲೇಜು ಕಂಡವರು ಅವರು. ಇಂದಿಗೂ ಮಾನ್ವಿಯಿಂದ ರಾಯಚೂರಿಗೆ ದಿನಾ ಬಸ್ಸಿನಲ್ಲೇ ಓಡಾಡುತ್ತಾರೆ. ನೀರಮಾನ್ವಿ ದಾಟಿದ ಮೇಲೆ ರಸ್ತೆ ಸ್ವಲ್ಪ ನೆಟ್ಟಗಾಗುತ್ತದೆಂದು ಅಲ್ಲಿಂದ ನಮ್ಮ ಲೇಖನ ತಿದ್ದಲು ಕೂರುತ್ತಾರೆ. ಅಕ್ಷರ ಕುಣಿದಿದ್ದರೆ ಆ ಭಾಗವನ್ನು ನೀರಮಾನ್ವಿಗಿಂತ ಮೊದಲೇ ತಿದ್ದಿದ್ದಾರೆಂದು ನನಗೆ ತಿಳಿಯುತ್ತಿತ್ತು.

ಪಿಎಚ್‌ಡಿ ಮುಗಿದ ಮೇಲೆ ನಾನು ದೇವದುರ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದೆ. ಅಲ್ಲಿಂದಲೇ ರಾಯಚೂರಿನ ಕಂಪ್ಯೂಟರಿಗೆ ಲೆಕ್ಕ ಕಳಿಸುತ್ತ ಸರ್ ಜೊತೆ ಇನ್ನೊಂದು ಲೇಖನ ಬರೆದೆ. ನಾವು ಆರಿಸಿಕೊಂಡ ಪದರವು ಅಮೋನಿಯಾ ಅಣುವನ್ನು ಬಹಳ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಆದ್ದರಿಂದ ಅದನ್ನು ಅನಿಲ ಪತ್ತೆಗೆ ಬಳಸಬಹುದು ಎಂಬುದು ಅದರ ಸಾರ. ಲೇಖನ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ನಾಲ್ಕು ತಿಂಗಳಿಗೆ, ಅದನ್ನು ಓದಿದ ದೂರದ ಸಂಶೋಧನಾ ಸಂಸ್ಥೆಯೊಂದು ನನ್ನನ್ನು ಸಂದರ್ಶನಕ್ಕೆ ಕರೆಯಿತು. ಎರಡು ವರ್ಷದ ಸಂಶೋಧನಾ ಹುದ್ದೆ. ಹನ್ನೊಂದು ಕಡೆ ಅರ್ಜಿ ಹಾಕಿದ್ದೆ, ಕರೆ ಬಂದದ್ದು ಇದೊಂದೇ.

ಸಂದರ್ಶನ ಗುರುವಾರ. ಅದರ ಹಿಂದಿನ ಶನಿವಾರ ಮಧ್ಯಾಹ್ನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತು ತೋರಿಸಬೇಕಾದ ಚಿತ್ರಗಳನ್ನು ತಯಾರು ಮಾಡುತ್ತಿದ್ದೆ. ನಮ್ಮ ಪ್ರೋಗ್ರಾಮಿಗೆ ಒಂದು ಸ್ವಭಾವವಿದೆ. ಚಿಕ್ಕದೊಂದು ಡಬ್ಬಿಯಲ್ಲಿ ಪರಮಾಣುಗಳನ್ನು ಇಟ್ಟುಕೊಟ್ಟರೆ, ಅದೇ ಡಬ್ಬಿ ಆಚೆ ಈಚೆ, ಮೇಲೆ ಕೆಳಗೆ ಕೊನೆಯಿಲ್ಲದೆ ಜೋಡಿಸಿದೆ ಎಂದುಕೊಂಡೇ ಅದು ಲೆಕ್ಕ ಮಾಡುತ್ತದೆ. ಒಂಟಿ ಪದರದ ಲೆಕ್ಕ ಬೇಕಾದರೆ ಅದರ ಮೇಲೆ ಸಾಕಷ್ಟು ಖಾಲಿ ಜಾಗ ಬಿಟ್ಟು ಡಬ್ಬಿಯನ್ನು ಎತ್ತರ ಮಾಡಬೇಕು, ಮೇಲಿನ ಪದರ ಕೆಳಗಿನದಕ್ಕೆ ತಾಗದಂತೆ. ಅಲ್ಲಿಯವರೆಗೆ ನಾನು ಒಂದೇ ಡಬ್ಬಿಯ ಚಿತ್ರ ನೋಡಿಕೊಂಡು ಬಂದಿದ್ದೆ. ಅಂದು ಚಂದ ಕಾಣಲಿ ಎಂದು ಮೂರು ಡಬ್ಬಿಗಳನ್ನು ಒಂದರ ಮೇಲೊಂದು ಬಿಡಿಸಲು ಹೇಳಿದೆ.

ಅಮೋನಿಯಾ ಎರಡು ಪದರಗಳ ನಡುವೆ ಸಿಕ್ಕಿಕೊಂಡಿತ್ತು.

ಕಾರಣ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಉದ್ದ ಅಗಲಗಳನ್ನು ಹಳೆಯ ಫೈಲಿನಿಂದ ತಂದಿದ್ದೆ, ಅವು ಸರಿಯಿದ್ದವು. ಎತ್ತರವನ್ನು ಮಾತ್ರ ಕೈಯಾರೆ ಬರೆದಿದ್ದೆ: ಹನ್ನೆರಡು. ನನ್ನ ಮನಸ್ಸಿನಲ್ಲಿದ್ದದ್ದು ಪರಮಾಣುಗಳನ್ನು ಅಳೆಯುವ ಆಂಗ್‌ಸ್ಟ್ರಾಂ. ಪ್ರೋಗ್ರಾಮು ಅದನ್ನು ಬೋರ್ ಎಂಬ ಇನ್ನೊಂದು ಅಳತೆಯಲ್ಲಿ ಓದಿಕೊಂಡಿತ್ತು, ಅದು ಆಂಗ್‌ಸ್ಟ್ರಾಂನ ಅರ್ಧಕ್ಕಿಂತ ತುಸುವೇ ಹೆಚ್ಚು. ನಾನು ಬಿಟ್ಟಿದ್ದ ಖಾಲಿ ಜಾಗ ಅರ್ಧಕ್ಕೆ ಕುಸಿದು, ಮೇಲಿನ ಪದರವೂ ಅಮೋನಿಯಾವನ್ನು ಎಳೆದು ಹಿಡಿದಿತ್ತು. ನಮ್ಮ ಪದರ ಅಷ್ಟು ಗಟ್ಟಿಯಾಗಿ ಹಿಡಿದದ್ದು ಎರಡು ಕೈಗಳಿಂದ, ಅದರಲ್ಲೊಂದು ಅದರದ್ದಲ್ಲ.

ಮೇಜಿನ ಮೇಲೆ ಮಕ್ಕಳ ಪ್ರಾಕ್ಟಿಕಲ್ ಪುಸ್ತಕಗಳಿದ್ದವು. ಉತ್ತರದ ಮುಂದೆ ಅಳತೆಯ ಹೆಸರು ಬರೆದಿಲ್ಲವೆಂದು ಆ ವಾರವಷ್ಟೇ ಹದಿನಾಲ್ಕು ಜನರ ಅರ್ಧರ್ಧ ಅಂಕ ಕತ್ತರಿಸಿದ್ದೆ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಮಾನ್ವಿಗೆ ಸರ್ ಮನೆಗೆ ಹೋದೆ. ಚಿತ್ರ ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಎಷ್ಟು ಲೆಕ್ಕ ಹೀಗಾಗಿವೆ ಎಂದಷ್ಟೇ ಕೇಳಿದರು. ಡೈರಿ ತೆಗೆದು ಎಣಿಸಿ ನಲವತ್ತಾರು ಎಂದೆ. ಪಿಎಚ್‌ಡಿಯ ಲೆಕ್ಕಗಳಿಗೆ ಇದು ತಾಗಿಲ್ಲ, ಈ ಲೇಖನದವು ಮಾತ್ರ ಎಂದೂ ಹೇಳಿದೆ.

ಸರ್ ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ರೊಟ್ಟಿಯ ತಟ್ಟೆ ತಂದಿಟ್ಟು ನಮ್ಮಿಬ್ಬರ ಮುಖ ನೋಡಿದರು.

"ಏನ್ರೀ ಇದು, ಸತ್ತವರ ಮನಿಯಾಗ ಕುಂತಂಗ ಕುಂತೀರಿ. ಯಾರು ಹೋದ್ರು?"

"ಅಮೋನಿಯಾ," ಎಂದರು ಸರ್.

ಊಟವಾದ ಮೇಲೆ ಅವರು ಹೇಳಿದ ಮಾತನ್ನು ನಾನು ಬಸ್ಸಿನಲ್ಲಿ ಬರುವಾಗಲೇ ಬಯಸಿದ್ದೆ. "ಗುರುವಾರ ದಾಟ್ಲಿ ಬೇ. ಆಮ್ಯಾಲ ಪತ್ರಿಕಾದವರಿಗೆ ಬರಿಯೋಣ. ತಪ್ಪು ಎಲ್ಲೀ ಓಡಿ ಹೋಗೂದಿಲ್ಲ."

ನಾನು ಹೂಂ ಎಂದೆ. ಎತ್ತರ ಸರಿಪಡಿಸಿ ಒಂದು ಲೆಕ್ಕವನ್ನು ಅಲ್ಲಿಂದಲೇ ರಾಯಚೂರಿಗೆ ಕಳಿಸಿ ಹೊರಟೆ. ಡೈರಿಯಲ್ಲಿ ಆ ದಿನದ ಕೊನೆಯ ಅಂಕಣ ಖಾಲಿಯಿದೆ.

ಸೋಮವಾರ ಉತ್ತರ ಬಂತು. ಹಿಡಿತ ಮೊದಲಿನ ಅರ್ಧಕ್ಕೂ ಕಡಿಮೆ. ಇಷ್ಟು ಹಿಡಿತದ ಪದರಗಳು ಬೇಕಾದಷ್ಟಿವೆ. ತರಗತಿ ಮುಗಿದ ಮೇಲೆ ಖಾಲಿ ಕೋಣೆಯಲ್ಲಿ ನಿಂತು ಸಂದರ್ಶನದಲ್ಲಿ ಕೊಡಬೇಕಾದ ಭಾಷಣವನ್ನು ಜೋರಾಗಿ ಹೇಳಿ ನೋಡಿದೆ. ಹಳೆಯ ಅಂಕಿ ಅದರಲ್ಲಿ ಒಂಬತ್ತು ಸಲ ಬರುತ್ತಿತ್ತು. ಮೊದಲ ಸಲ ಹೇಗೋ ಹೇಳಿದೆ. ಎರಡನೆಯದಕ್ಕೆ ಬಂದಾಗ ನಿಂತುಬಿಟ್ಟೆ. ಕೇಳಲು ಬೆಂಚುಗಳ ಹೊರತು ಯಾರೂ ಇರಲಿಲ್ಲ.

ಮಂಗಳವಾರ ರಜೆ ಹಾಕಿ ರಾಯಚೂರಿಗೆ ಹೋದೆ. ಮೂರು ಡಬ್ಬಿಗಳ ಆ ಚಿತ್ರವನ್ನೇ ಮೊದಲು ತೋರಿಸುತ್ತೇನೆ, ಅದಕ್ಕೂ ಮುಂಚೆ ಪತ್ರಿಕೆಗೆ ಪತ್ರ ಹೋಗಬೇಕು ಎಂದು ಸರ್‌ಗೆ ಹೇಳಿದೆ.

"ನನಗ ನೌಕರಿ ಅದ, ನಿನಗಿಲ್ಲ. ಅದಕ್ಕ ನಾನಾಗಿ ಈ ಮಾತು ಹೇಳಾಕ ಬರ್ತಿರ್ಲಿಲ್ಲ," ಎಂದರು. "ನೀನ ಹೇಳಬೇಕಿತ್ತು."

ಪತ್ರದ ಕರಡನ್ನು ನಾನು ಬರೆದೇ ತಂದಿದ್ದೆ. ಮೊದಲ ಲೇಖಕಿಯ ತಪ್ಪಿನಿಂದ ಹೀಗಾಯಿತು ಎಂದಿತ್ತು ಅದರಲ್ಲಿ. ಸರ್ ಕೆಂಪು ಪೆನ್ನಿನಿಂದ ಆ ಮೂರು ಪದ ಹೊಡೆದು "ನಮ್ಮ ತಪ್ಪಿನಿಂದ" ಎಂದು ಬರೆದರು. ಎತ್ತರ ಬರೆದವಳು ನಾನಲ್ಲವೇನ್ರೀ ಎಂದು ವಾದಿಸಿದೆ. ನೀರಮಾನ್ವಿಯಿಂದ ರಾಯಚೂರಿನ ತನಕ ಇಪ್ಪತ್ತು ಸಲ ಅದನ್ನು ಓದಿದವನು ನಾನಲ್ಲವೇನು ಎಂದು ಅವರು ಕೇಳಿದರು. ಬುಧವಾರ ಬೆಳಿಗ್ಗೆ ಪತ್ರ ಹೋಯಿತು, ಮಧ್ಯಾಹ್ನ ನಾನು ರೈಲು ಹತ್ತಿದೆ.

ಸಂದರ್ಶನದಲ್ಲಿ ಐದು ಜನರಿದ್ದರು. ಚಿತ್ರ ತೋರಿಸಿ, ನಾನು ಏನು ತಪ್ಪು ಮಾಡಿದೆ, ಅದರಿಂದ ಏನಾಯಿತು ಎಂದು ಹೇಳಿದೆ. ಒಬ್ಬರು ಕೈಯಲ್ಲಿದ್ದ ನನ್ನ ಲೇಖನವನ್ನು ಮೇಜಿನ ಮೇಲೆ ಮಗುಚಿಟ್ಟರು. ನಿನಗಿನ್ನೂ ಗೊತ್ತಾಗದ ತಪ್ಪುಗಳು ಎಷ್ಟಿರಬಹುದು ಎಂದು ಕೇಳಿದರು. ಗೊತ್ತಿಲ್ಲ, ಆದರೆ ಈ ನಲವತ್ತಾರರಲ್ಲಿ ಒಂದೊಂದೂ ಯಾವ ದಿನ, ಯಾವ ಫೈಲಿನಿಂದ ಓಡಿತೆಂದು ತೋರಿಸಬಲ್ಲೆ ಎಂದೆ. ಅವರು ತಲೆಯಾಡಿಸಲಿಲ್ಲ. ತುದಿಯಲ್ಲಿ ಕುಳಿತಿದ್ದ ವಯಸ್ಸಾದ ವಿಜ್ಞಾನಿ, ಆವರೆಗೆ ಬಾಯಿ ತೆರೆಯದ ಹೆಂಗಸು, ನಿಧಾನವಾಗಿ ಕೇಳಿದರು: ಪ್ರೋಗ್ರಾಮು ತಪ್ಪಿಲ್ಲ, ಗಣಿತ ತಪ್ಪಿಲ್ಲ. ಹಾಗಾದರೆ ನೀನು ಇಷ್ಟು ದಿನ ಲೆಕ್ಕ ಮಾಡಿದ್ದು ಯಾವುದನ್ನು?

ಆ ಪ್ರಶ್ನೆಯನ್ನು ನಾನೇ ಕೇಳಿಕೊಂಡಿರಲಿಲ್ಲ. ಪರದೆಯ ಮೇಲಿನ ಚಿತ್ರ ನೋಡಿದೆ. ಪದರ, ಅಮೋನಿಯಾ, ಪದರ, ಅಮೋನಿಯಾ, ಪದರ. ಇದು ಘನವಸ್ತು ಎಂದೆ. ಪದರಗಳ ಸಂದಿಯಲ್ಲಿ ಅನಿಲವನ್ನು ಇಟ್ಟುಕೊಂಡ ಒಂದು ಘನವಸ್ತು. ಆದರೆ ಪದರಗಳು ತಮಗೆ ಬೇಕಾದಷ್ಟು ದೂರ ಸರಿಯಲು ನಾನು ಬಿಟ್ಟಿಲ್ಲ, ಹಾಗಾಗಿ ಅದರ ಉತ್ತರವಾಗಿಯೂ ಇದು ಪೂರ್ತಿ ಸರಿಯಲ್ಲ. ಅವರು ಏನನ್ನೋ ಬರೆದುಕೊಂಡರು.

ಮೂರು ವಾರದ ನಂತರ ಮೇಲ್ ಬಂತು. ಹುದ್ದೆ ಬೇರೆಯವರಿಗೆ. ಕಾಯುವವರ ಪಟ್ಟಿಯಲ್ಲಿ ನನ್ನದು ಎರಡನೇ ಹೆಸರು, ಪಟ್ಟಿಗೆ ಆರು ತಿಂಗಳ ಆಯುಷ್ಯ. ಓದಿ ಮುಗಿಸಿ ತರಗತಿಗೆ ಹೋದೆ, ಅರ್ಧ ಪಾಠವನ್ನು ನೋಟ್ಸ್ ನೋಡಿಯೇ ಮಾಡಿದೆ. ಒಂಬತ್ತು ಸಲ ಆ ಅಂಕಿ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಆ ದಿನ ಬಂತು, ಆಮೇಲೂ ಬಂದಿದೆ. ಎಷ್ಟು ಸಲ ಎಂದು ಮಾತ್ರ ಬರೆದಿಟ್ಟಿಲ್ಲ.

ಹುದ್ದೆ ಸಿಗಲಿಲ್ಲ ಎಂದು ಅಪ್ಪನಿಗೆ ಹೇಳಿದೆ. ತಪ್ಪು ನನ್ನದೇ ಎಂದೂ ಹೇಳಿದೆ. ಮತ್ತೆ ಮೊದಲಿಂದ ಎಣಸಾಕತ್ತೀ ಏನವ್ವಾ ಎಂದು ಕೇಳಿ, ಹೌದು ಎಂದಾಗ, ಕಂಬಳಿ ಹೆಗಲಿಗೇರಿಸಿಕೊಂಡು ದೊಡ್ಡಿಯ ಕಡೆ ಹೋದ.

ಪಟ್ಟಿಯ ಆಯುಷ್ಯದಲ್ಲಿ ಈಗ ಐವತ್ತೆರಡು ದಿನ ಉಳಿದಿವೆ. ಸರ್ ಭಾನುವಾರಕ್ಕೊಮ್ಮೆ ಫೋನ್ ಮಾಡಿ, ನಿನ್ನ ಮುಂದಿನವರು ಇನ್ನೂ ನಿಂತಾರೇನು, ಬೇಸತ್ತು ಕುಂತಾರೇನು ಎಂದು ವಿಚಾರಿಸುತ್ತಾರೆ. ತಿದ್ದುಪಡಿ ಅಚ್ಚಾಗಿದೆ, ಅರ್ಧ ಪುಟ, "ನಮ್ಮ ತಪ್ಪಿನಿಂದ" ಎಂದೇ ಇದೆ. ನಲವತ್ತಾರು ಲೆಕ್ಕಗಳೂ ಹೊಸದಾಗಿ ಓಡಿ ಮುಗಿದಿವೆ. ಡೈರಿಯಲ್ಲಿ ಎತ್ತರ ಮತ್ತು ಅಳತೆಗೆಂದು ಆರನೆಯ ಅಂಕಣ ಎಳೆದಿದ್ದೇನೆ.

ನಿನ್ನೆ ನಲವತ್ತೇಳನೆಯದನ್ನು ಕಳಿಸಿದೆ. ಈ ಸಲ ಗೊತ್ತಿದ್ದೇ ಘನವಸ್ತುವಿನ ಲೆಕ್ಕ ಹಾಕುತ್ತಿದ್ದೇನೆ, ಪದರಗಳು ತಮಗೆ ಬೇಕಾದಷ್ಟು ಸರಿದುಕೊಳ್ಳಲು ಬಿಟ್ಟಿದ್ದೇನೆ. ಕಳಿಸುವ ಮೊದಲು ಮೂರು ಡಬ್ಬಿ ಒಂದರ ಮೇಲೊಂದು ಬಿಡಿಸಿ ನೋಡಿದೆ. ಉತ್ತರ ಇನ್ನೂ ಬಂದಿಲ್ಲ.