ಎಲ್ವೀರಾ ಅವರ ಲಾಂಡ್ರಿಯ ಭಾನುವಾರಗಳು

ಮೊನ್ನೆ ಶನಿವಾರ ಡ್ರೈಯರಿನ ಬಾಗಿಲು ತೆಗೆದಾಗ ಬಿಸಿ ಹತ್ತಿಬಟ್ಟೆಯ ವಾಸನೆ ಮುಖಕ್ಕೆ ಬಂತು. ನಮ್ಮ ಮನೆಯಲ್ಲಿ ಬಟ್ಟೆ ಮಡಿಸುವ ಕೆಲಸ ನನ್ನದು. ಹೆಂಡತಿ ಸುಧಾ ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಎಂಜಿನಿಯರ್; ನಾನು ಅವಳ ವೀಸಾದ ಸೆರಗು ಹಿಡಿದು ಬಂದವನು. ಮೈಸೂರಿನ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ವರ್ಷಗಟ್ಟಲೆ ಕುಳಿತಿದ್ದ ನಾನು, ಈಗ ಅದೇ ಡೆಟ್ರಾಯಿಟ್ ಬಳಿಯ ಕ್ಯಾಂಟನ್‌ನಲ್ಲಿ ಕನ್ನಡ ಸಂಘದ ಮಾಸಪತ್ರಿಕೆಗೆ ವರದಿಗಾರ, ಫೋಟೋಗ್ರಾಫರ್, ಕರಡು ತಿದ್ದುವವ, ಎಲ್ಲವೂ. ಸಂಬಳವಿಲ್ಲ, ಬೈಗುಳಕ್ಕೆ ಕೊರತೆಯಿಲ್ಲ. ಆದರೆ ಆ ವಾಸನೆ ಬಂದಾಗ ನನಗೆ ನಮ್ಮ ಮನೆಯ ಬಟ್ಟೆ ನೆನಪಾಗುವುದಿಲ್ಲ. ಡೆಟ್ರಾಯಿಟ್‌ನ ನೈರುತ್ಯ ಭಾಗದ ಒಂದು ಲಾಂಡ್ರಿ ನೆನಪಾಗುತ್ತದೆ. ಅದರ ನೆಲದ ಮೇಲೆ ಮಂಡಿಯೂರಿ ಕುಳಿತ ಒಬ್ಬ ನರ್ಸ್ ನೆನಪಾಗುತ್ತಾರೆ.

ಆಕೆಯ ಹೆಸರು ನಸ್ರೀನ್. ರಾಣೆಬೆನ್ನೂರಿನವರು. ಆಗ ನಮ್ಮ ಸಬ್‌ಡಿವಿಷನ್‌ನಲ್ಲೇ, ಊರಿನ ಮಾತಿನಲ್ಲಿ ಲೇಔಟಿನಲ್ಲೇ, ಎರಡು ಬೀದಿ ಆಚೆ ಅವರ ಮನೆಯಿತ್ತು. ನರ್ಸ್ ಎಂದಕೂಡಲೇ ನೀವು ಆಸ್ಪತ್ರೆ, ಬಿಳಿ ಹಾಸಿಗೆ ಎಂದು ಕಲ್ಪಿಸಿಕೊಳ್ಳಬೇಡಿ. ಆಕೆಯದು ಆರೋಗ್ಯ ಕಚೇರಿಯ ಕೆಲಸ. ಮೆಕ್ಸಿಕೋ ಕಡೆಯಿಂದ ಬಂದು ನೆಲೆಸಿದ ಹಿಸ್ಪಾನಿಕ್ ಜನರ ಬಡಾವಣೆಯಲ್ಲಿ ಬೀದಿ ಬೀದಿ ತಿರುಗಿ, ಬಿ.ಪಿ. ನೋಡಿ, ಶುಗರ್ ನೋಡಿ, ಬೇಕಾದವರನ್ನು ವೈದ್ಯರ ಹತ್ತಿರ ಕಳಿಸುವುದು. ಸ್ಪ್ಯಾನಿಷ್ ಕಲಿತದ್ದು ಕಾರು ಓಡಿಸುತ್ತ, ಪಾಠಗಳನ್ನು ಕೇಳಿಕೊಂಡು. ಕ್ಯಾಂಟನ್‌ನಿಂದ ಅಲ್ಲಿಗೆ ಇಪ್ಪತ್ತೈದು ಮೈಲಿ. ಹೋಗುವಾಗ ಒಂದು ಪಾಠ, ಬರುವಾಗ ಅದೇ ಪಾಠ. ಅವರ ಮಕ್ಕಳು ಹಿಂದಿನ ಸೀಟಿನಲ್ಲಿ ಕುಳಿತು, ಅಮ್ಮನ ಉಚ್ಚಾರಣೆ ಸರಿಯಿಲ್ಲವೆಂದು ಇಂಗ್ಲಿಷಿನಲ್ಲಿ ನಗುತ್ತಿದ್ದರು.

ಕೆಲವು ವರ್ಷಗಳ ಹಿಂದೆ, ಚಳಿಗಾಲ ಮುಗಿಯುತ್ತ ಬಂದಾಗ, ನಮ್ಮ ಸಂಘದವರಿಗೆ ಆ ಬಡಾವಣೆಯಲ್ಲಿ ಒಂದು ಉಚಿತ ಹೆಲ್ತ್ ಕ್ಯಾಂಪ್ ಮಾಡುವ ಉತ್ಸಾಹ ಬಂತು. ಫಾರ್ಮಿಂಗ್ಟನ್ ಹಿಲ್ಸ್ ಕಡೆಯ ನಮ್ಮ ಕನ್ನಡದ ಡಾಕ್ಟರುಗಳು ರಜೆ ಹಾಕಿ ಬಂದರು. ಒಳ್ಳೆಯ ಮನಸ್ಸಿನವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಕ್ಯಾಂಪ್ ಮಾಡುವ ಬಗೆ ನಿಮಗೆ ಗೊತ್ತೇ ಇದೆ. ಬಾಗಿಲಲ್ಲಿ ಬ್ಯಾನರ್, ಬ್ಯಾನರಿನ ಮೇಲೆ ಡಾಕ್ಟರುಗಳ ಫೋಟೋ. ಅದರ ಪಕ್ಕ ನೋಂದಣಿ ಟೇಬಲ್, ಇಬ್ಬರು ಸ್ವಯಂಸೇವಕರು, ಲ್ಯಾಪ್‌ಟಾಪು. ಅಧ್ಯಕ್ಷರ ಭಾಷಣ. ಪರೀಕ್ಷೆ ಮುಗಿಸಿದವರನ್ನು ಮುಖ್ಯ ಅತಿಥಿಯ ಪಕ್ಕ ನಿಲ್ಲಿಸಿ ಒಂದು ಫೋಟೋ. ಊರಿನ ಕಲ್ಯಾಣಮಂಟಪದಲ್ಲಿ ಮಾಡುವುದನ್ನೇ ಡೆಟ್ರಾಯಿಟ್‌ನ ಶಾಲೆಯೊಂದರ ಸಭಾಂಗಣದಲ್ಲಿ ಮಾಡಿದೆವು. ಸಮೋಸಾ ಕೂಡ ಇತ್ತು.

ಬಾಗಿಲ ಬಳಿ ನಾನಿದ್ದೆ. ಕೈಯಲ್ಲಿ ನೋಟ್‌ಬುಕ್, ಕೊರಳಲ್ಲಿ ಸ್ವಯಂಸೇವಕರ ಗುರುತಿನ ಚೀಟಿ, ಮೈಮೇಲೆ ಕ್ಲಿಯರೆನ್ಸ್‌ನಲ್ಲಿ ಕೊಂಡ ಕಡುನೀಲಿ ಜಾಕೆಟ್. ನನ್ನ ಮೊದಲ ಮುಖ್ಯ ವರದಿಗಾರರು ಕಲಿಸಿದ ಪಾಠ ಒಂದೇ: ಹೆಸರು, ವಯಸ್ಸು, ಊರು. ಈ ಮೂರಿಲ್ಲದ ವರದಿಯನ್ನು ಅವರು ಓದದೆ ಬುಟ್ಟಿಗೆ ಹಾಕುತ್ತಿದ್ದರು. ಸತ್ತವರದಾದರೂ ಸರಿ, ಸನ್ಮಾನವಾದವರದಾದರೂ ಸರಿ, ಹೆಸರು, ವಯಸ್ಸು, ಊರು. ಆ ಶಿಸ್ತು ನನ್ನ ರಕ್ತಕ್ಕೆ ಇಳಿದಿದೆ. ಹೀಗಾಗಿ ಒಳಗೆ ಬರುವ ಪ್ರತಿಯೊಬ್ಬರನ್ನೂ ನಗುನಗುತ್ತ ತಡೆದು ಮೂರೂ ಕೇಳಿದೆ. ಮನೆ ಯಾವ ಬೀದಿಯಲ್ಲಿ ಎಂದು ನಾಲ್ಕನೆಯದನ್ನೂ ಸೇರಿಸಿದೆ. ಕುಂಟುತ್ತ ಬಂದ ಒಬ್ಬಾತನನ್ನೂ ಕೇಳಿದೆ. ಮನೆಗಳ ಛಾವಣಿ ಹೊದಿಸುವ ಕೆಲಸದವನು, ಬೂಟಿನ ಮೇಲೆಲ್ಲ ಟಾರು. ಆತ ನನ್ನ ಜಾಕೆಟ್ ನೋಡಿದ, ಕೊರಳಿನ ಚೀಟಿ ನೋಡಿದ, ನೋಟ್‌ಬುಕ್ ನೋಡಿದ. ಟ್ರಕ್‌ನಲ್ಲಿ ಏನೋ ಮರೆತು ಬಂದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಟುಹೋದ. ಅವನ ಹಿಂದೆ ಸಾಲಿನಲ್ಲಿದ್ದವರೂ ಒಬ್ಬೊಬ್ಬರಾಗಿ ಏನೇನೋ ಮರೆತುಬಂದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರುಗಳು ಒಬ್ಬರ ಬಿ.ಪಿ. ಒಬ್ಬರು ನೋಡಿಕೊಳ್ಳುತ್ತಿದ್ದರು.

ವಾಪಸು ಬರುವಾಗ ನಸ್ರೀನ್ ಅವರ ಕಾರಿನಲ್ಲಿ ನಾನೊಬ್ಬನೇ. ಅವತ್ತು ಸ್ಪ್ಯಾನಿಷ್ ಪಾಠ ಹಚ್ಚಲಿಲ್ಲ.

“ಏನ್ರೀ ಪೇಪರ್ ಸಾಹೇಬ್ರ, ಹೆಸರೇನು, ವಯಸ್ಸೆಷ್ಟು, ಊರು ಯಾವ್ದು, ಮನಿ ಎಲ್ಲೈತಿ! ಹೆಣ್ಣು ಕೊಡಾವ್ರೂ ಇಷ್ಟು ಕೇಳೂದಿಲ್ರೀ.”

“ವರದಿಗೆ ಬೇಕಿತ್ತು ಮೇಡಂ. ನಾನೇನು ಪೊಲೀಸಾ?”

“ನೀವಲ್ಲ ಅಂತ ನನಗ ಗೊತ್ತು. ಆ ನೀಲಿ ಜಾಕೀಟು, ಕೊರಳಾಗಿನ ಚೀಟಿ ನೋಡಿದ ಅವರಿಗೆ ಹೆಂಗ ಗೊತ್ತಾಗಬೇಕು? ಕೆಲವ್ರ ಮನಿಯಾಗ ಒಬ್ಬರ ಹತ್ರ ಈ ದೇಶದಾಗ ಇರಾಕ ಕಾಗದ ಇದ್ರ ಇನ್ನೊಬ್ಬರ ಹತ್ರ ಇರೂದಿಲ್ಲ. ಹೆಸರು ಬರಕೊಳ್ಳಾವ ಅಂದ್ರ ಹಿಡಕೊಂಡು ಹೋಗಾಕ ಮನಿಗೆ ಬರಾವ ಅಂತನ ಲೆಕ್ಕ.” ಹೆದ್ದಾರಿಯಲ್ಲಿ ಲೇನು ಬದಲಿಸುತ್ತ ಹೇಳಿದರು: “ಆ ಕುಂಟೂ ಮನಷ್ಯಾ ಬಂದಿದ್ನಲ್ಲ, ಅವನ್ನ ಒಪ್ಸಾಕ ಮೂರು ವಾರ ಹಿಡೀತ್ರೀ. ಶುಗರ್ ಐತಿ, ಕಾಲಾಗ ಗಾಯ ಐತಿ. ಇನ್ನ ತಡಾ ಆದ್ರ ಕಾಲು ತಗೀಬೇಕಾಗ್ತೈತಿ. ಅವನ ಹೆಸರು ನನಗೂ ಗೊತ್ತಿಲ್ಲ. ಈಗ ಎಲ್ಲಿ ಹುಡುಕಲಿ?”

ವರದಿ ಬರೆಯಲು ಕುಳಿತ ನನಗೆ ಮೊದಲ ವಾಕ್ಯವೇ ಸಿಗಲಿಲ್ಲ. ಅಂದು ನಡೆದ ನಿಜವಾದ ಸುದ್ದಿ, ಒಬ್ಬ ವರದಿಗಾರ ಒಂದು ಕ್ಯಾಂಪನ್ನು ಖಾಲಿ ಮಾಡಿಸಿದ್ದು. ಅದನ್ನು ಬರೆಯುವ ಧೈರ್ಯ ಬರಲಿಲ್ಲ.

ಮುಂದಿನ ಭಾನುವಾರ ನಸ್ರೀನ್ ನನ್ನನ್ನು ಕರೆದುಕೊಂಡೇ ಹೋದರು. “ಕೆಡಿಸಿದಾವ್ರು ನೀವು, ಚೀಲಾ ಹೊರಾಕರ ಬರ್ರಿ” ಎಂದರು. ಜಾಕೆಟ್ ಬದಲಿಸಿಕೊಂಡು ಹೋದೆ. ಕೆನಡಾಕ್ಕೆ ಹೋಗುವ ಸೇತುವೆಯ ಲಾರಿಗಳ ಸದ್ದು ಕೇಳುವಷ್ಟು ಹತ್ತಿರದಲ್ಲಿ ಎಲ್ವೀರಾ ಅವರ ಲಾಂಡ್ರಿ. ಸುತ್ತಲಿನವರೆಲ್ಲ ಆಕೆಯನ್ನು ಡೋನ್ಯ ಎಲ್ವೀರಾ ಎನ್ನುತ್ತಿದ್ದರು; ನಮ್ಮಲ್ಲಿ ಅಮ್ಮಾವ್ರು ಎಂದಂತೆ. ಅರವತ್ತು ದಾಟಿದ, ಗಟ್ಟಿ ತೋಳಿನ ಹೆಂಗಸು. ಕೆಲವರು ಯಂತ್ರಕ್ಕೆ ತಾವೇ ಬಟ್ಟೆ ಹಾಕಿ ಕಾಯುತ್ತಾರೆ. ಒಂಟಿಯಾಗಿರುವ ಗಂಡಸರು ಚೀಲ ಕೊಟ್ಟು ಹೋಗುತ್ತಾರೆ, ಆಕೆ ಒಗೆದು ಮಡಿಸಿಡುತ್ತಾರೆ. ಆಕೆ ಮಾತಾಡಿದ್ದು ಸ್ಪ್ಯಾನಿಷ್‌ನಲ್ಲಿ. ನಸ್ರೀನ್ ನನಗಾಗಿ ಅನುವಾದಿಸುತ್ತ ಹೋದರು. ಹೀಗಾಗಿ ನನ್ನ ಕಿವಿಯಲ್ಲಿ ಡೋನ್ಯ ಎಲ್ವೀರಾ ಇಂದಿಗೂ ರಾಣೆಬೆನ್ನೂರಿನ ಕನ್ನಡವನ್ನೇ ಆಡುತ್ತಾರೆ.

ಛಾವಣಿ ಕೆಲಸದ ಕುಂಟುವ ಮನುಷ್ಯ ಎಂದು ನಸ್ರೀನ್ ಬಾಯಿ ತೆರೆಯುವಷ್ಟರಲ್ಲಿ ಎಲ್ವೀರಾ ಹೇಳಿದರು: “ಬಲಗಾಲು.”

“ನಿಮಗ ಹೆಂಗ ಗೊತ್ತು?”

“ಅವನ ಕಾಲುಚೀಲಾ ಒಗಿಯಾಕೀ ನಾನs ಅಲ್ಲೇನು? ಒಂದs ಕಾಲಿಂದು, ತುದೀಗೆ ಕಲೆ. ಮೊದ್ಲ ಕೆಂಪಿತ್ತು, ಈಗ ಹಳದಿ ಆಗೇತಿ. ಒಂದು ತಿಂಗಳಾತು ನೋಡಾಕತ್ತಿ.”

ನಾನು ಪತ್ರಕರ್ತ. ಇಡೀ ಬಡಾವಣೆಯ ಆರೋಗ್ಯದ ದಾಖಲೆ ಒಬ್ಬ ಅಗಸಗಿತ್ತಿಯ ಕೈಯಲ್ಲಿದೆ ಎಂದು ನನಗೆ ಹೊಳೆದಿರಲಿಲ್ಲ. ಕಚೇರಿಯವರಿಗೂ ಹೊಳೆದಿರಲಿಲ್ಲ. ಯಾರ ಮನೆಯ ಹಾಸಿಗೆ ಪದೇ ಪದೇ ಒದ್ದೆಯಾಗುತ್ತದೆ, ಯಾರ ಅಂಗಿಗಳು ದೊಗಲೆಯಾಗುತ್ತಿವೆ, ಎಲ್ಲ ಆಕೆಗೆ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಆಕೆ ಯಾರಿಗೂ ಹೇಳಿರಲಿಲ್ಲ.

ಆಕೆಯ ಸಲಹೆ ಸರಳವಾಗಿತ್ತು. ಭಾನುವಾರ ಬೆಳಿಗ್ಗೆ ಗಂಡಸರು ಇಲ್ಲಿಗೆ ಬರುತ್ತಾರೆ. ಯಂತ್ರ ತಿರುಗುವಷ್ಟು ಹೊತ್ತು, ಅಂದರೆ ಅರ್ಧ ಗಂಟೆ, ಎಲ್ಲೂ ಹೋಗಲಾರರು. ಆಗ ಅವರ ಶುಗರ್, ಕಾಲು ನೋಡಿ. ಟೇಬಲ್ ಬೇಡ, ಬ್ಯಾನರ್ ಬೇಡ, ಹೆಸರೂ ಬೇಡ. ಬಟ್ಟೆಗೆ ಹಾಕುವ ಕ್ಲಿಪ್ಪುಗಳ ಮೇಲೆ ನಂಬರು ಬರೆದಿಟ್ಟಿದ್ದೇನೆ, ಒಬ್ಬೊಬ್ಬರ ಅಂಗಿಗೆ ಒಂದು ಸಿಕ್ಕಿಸಿ, ಎಂದರು. ಆ ಮನುಷ್ಯನನ್ನು ಕರೆಸುವ ಮಾತಿಗೆ ಮಾತ್ರ ಒಂದು ಷರತ್ತು ಹಾಕಿದರು.

“ಒಂದs ಸಲ ಕರೀತೇನಿ. ಮತ್ತೊಮ್ಮೆ ಓಡಿದ್ರ ಈ ಓಣೀನs ಬಿಡ್ತಾನ. ನಿಮ್ಮ ಕಚೇರಿ ಫಾರಂ ಮೊದ್ಲ ತಗದಿಟ್ಟು ಬರ್ರಿ.”

ಫಾರಂ ತೆಗೆದಿಡುವ ಅಧಿಕಾರ ನಸ್ರೀನ್ ಅವರಿಗಿರಲಿಲ್ಲ. ಹೆಸರು, ವಿಳಾಸ, ಹುಟ್ಟಿದ ದಿನ ಬರೆಸಿಕೊಳ್ಳದೆ ಯಾರನ್ನೂ ಮುಟ್ಟಬಾರದೆಂಬ ನಿಯಮವನ್ನು ಸಡಿಲಿಸುವುದು ಸಲಹಾ ಸಮಿತಿಯ ಕೈಯಲ್ಲಿತ್ತು. ಹಿಸ್ಪಾನಿಕ್ ಜನರಿಗೆ ಆರೋಗ್ಯ ಸೇವೆ ತಲುಪಿಸುವುದು ಹೇಗೆಂದು ಯೋಚಿಸಲು ಇದ್ದ ಸಮಿತಿ ಅದು. ಗುರುವಾರ ಅದರ ಬಹಿರಂಗ ಸಭೆಗೆ ನಾನೂ ಹೋದೆ. ಹಿಂದಿನ ಸಾಲಿನಲ್ಲಿ, ಎಲ್ವೀರಾ ಅವರ ಪಕ್ಕ ಕುಳಿತೆ. ಮೇಜಿನ ಸುತ್ತ ಒಂಬತ್ತು ಮಂದಿ. ಎಲ್ಲರೂ ಓದಿದವರು, ಸಜ್ಜನರು. ಆ ಬಡಾವಣೆಯವರು ಒಬ್ಬರೂ ಇರಲಿಲ್ಲ. ನರ್ಸ್‌ಗಳ ಪರವಾಗಿ ನಸ್ರೀನ್ ಇದ್ದರು. ಎಲ್ವೀರಾ ಅವರನ್ನು ಸದಸ್ಯರನ್ನಾಗಿ ಮಾಡಿ, ಅವರ ಮಾತು ಕೇಳಿ ಎಂದು ನಸ್ರೀನ್ ಕೇಳಿದರು. ಅಧ್ಯಕ್ಷರು ಮೃದುವಾಗಿಯೇ ಹೇಳಿದರು: ಒಳ್ಳೆಯ ಸಲಹೆ, ಆದರೆ ಜಾಗ ಖಾಲಿಯಿಲ್ಲ, ಮುಂದಿನ ವರ್ಷ ನೋಡೋಣ.

ನಸ್ರೀನ್ ಎದ್ದರು. ತಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದು, “ಈಗ ಖಾಲಿಯಾಯಿತು” ಎಂದು ಇಂಗ್ಲಿಷಿನಲ್ಲಿ ಹೇಳಿ, ಬಂದು ನನ್ನ ಪಕ್ಕ ಕುಳಿತರು. ಎಲ್ವೀರಾ ಎದ್ದುಹೋಗಿ ಆ ಕುರ್ಚಿಯಲ್ಲಿ ಕುಳಿತರು. ಸಭೆಯ ಭಾಷಾಂತರಕಾರ ಗಾಬರಿಯಿಂದ ಆಕೆಯ ಬೆನ್ನ ಹಿಂದೆ ಬಂದು ನಿಂತ.

ಆಕೆ ಆಡಿದ್ದು ಎರಡು ನಿಮಿಷ; ಈ ಸಲ ನಾನು ಕೇಳಿದ್ದು ಭಾಷಾಂತರಕಾರನ ಇಂಗ್ಲಿಷಿನಲ್ಲಿ. “ನನ್ನ ಯಂತ್ರಕ್ಕೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ನಿಮಗೆ ಫಾರಂ ಭರ್ತಿಯಾಗಬೇಕೋ, ಕಾಲು ಉಳಿಯಬೇಕೋ? ಉಳಿದ ಕಾಲಿನವನು ನಾಳೆ ತಾನೇ ಬಂದು ಹೆಸರು ಹೇಳುತ್ತಾನೆ.” ಚರ್ಚೆ ನಡೆಯಿತು, ವಕೀಲರನ್ನು ಕೇಳಬೇಕೆಂದರು, ಮತ್ತೆ ಚರ್ಚೆ ನಡೆಯಿತು. ಕೊನೆಗೆ ಮೊದಲ ತಪಾಸಣೆಗೆ ನಂಬರು ಸಾಕು, ಮುಂದಿನ ಚಿಕಿತ್ಸೆಗೆ ಮಾತ್ರ ಹೆಸರು ಎಂದು ಒಪ್ಪಿದರು. ಪ್ರಾಯೋಗಿಕವಾಗಿ ಎಂಬ ಪದ ಸೇರಿಸಲು ಮರೆಯಲಿಲ್ಲ.

ಆ ಸಂಜೆ ನಸ್ರೀನ್ ನಮ್ಮ ಮನೆಗೆ ಬಂದಾಗ ಸುಧಾಗೆ ತಡೆಯಲಾಗಲಿಲ್ಲ. “ಅಷ್ಟು ವರ್ಷ ವೇಯ್ಟ್ ಮಾಡಿ ಸಿಕ್ಕಿದ್ದ ಪೊಸಿಷನ್ ಅಲ್ವಾ ನಸ್ರೀನ್? ಹಾಗೆ ಬಿಟ್ಟುಬಿಡೋದಾ?”

“ಬಿಟ್ಟಿಲ್ರೀ, ಸರಿದು ಕುಂತೇನಿ.” ಚಹಾ ಕುಡಿಯುತ್ತ ನಸ್ರೀನ್ ನನ್ನ ಕಡೆ ತಿರುಗಿದರು. “ನಿಮ್ಮ ಶುಗರ್ ಯಾವಾಗ ನೋಡ್ಸೀರಿ ಸಾಹೇಬ್ರ? ಊರ ಮಂದೀದು ಬರೀತೀರಿ.” ಮುಂದಿನ ತಿಂಗಳು ಎಂದೆ. ಎಂಟು ವರ್ಷಗಳಿಂದ ಶುಗರಿನ ಮಾತ್ರೆ ನುಂಗುತ್ತಿದ್ದವನು ನಾನು. ಆ ಉತ್ತರವೂ ಹೆಚ್ಚುಕಡಿಮೆ ಅಷ್ಟೇ ಹಳೆಯದು.

ಶನಿವಾರ ಆ ಕುಂಟುವ ಮನುಷ್ಯನ ಬಟ್ಟೆಯ ಚೀಲ ಒಯ್ಯಲು ಅವನ ರೂಮಿನ ಗೆಳೆಯ ಬಂದಾಗ ಎಲ್ವೀರಾ ಕೊಡಲಿಲ್ಲ. ಬಟ್ಟೆಯ ಒಡೆಯನೇ ಬರಲಿ ಎಂದುಬಿಟ್ಟರು. ಸೋಮವಾರ ಕೆಲಸಕ್ಕೆ ಹಾಕಿಕೊಳ್ಳಲು ಅಂಗಿಯಿಲ್ಲದೆ ಆತ ಭಾನುವಾರ ಬೆಳಿಗ್ಗೆ ಬೈಯುತ್ತಲೇ ಬಂದ. ಎಲ್ವೀರಾ ಆ ಬೈಗುಳದ ಎರಡರಷ್ಟನ್ನು ತಿರುಗಿಸಿ ಕೊಟ್ಟು ಬೆಂಚು ತೋರಿಸಿದರು. ಬೆಂಚಿನ ಮುಂದೆ ನೆಲದ ಮೇಲೆ ನಸ್ರೀನ್ ಮಂಡಿಯೂರಿ ಕುಳಿತಿದ್ದರು, ಪಕ್ಕದಲ್ಲಿ ಬಿಸಿನೀರಿನ ಬೋಗುಣಿ. ಆತ ನನ್ನನ್ನು ನೋಡಿ ಗುರುತು ಹಿಡಿದ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

“ಲೈಟ್ ಹಿಡೀರಿ ಸಾಹೇಬ್ರ,” ನಸ್ರೀನ್ ತಲೆ ಎತ್ತದೆ ಹೇಳಿದರು. “ಪೆನ್ನು ಕಿಸೆದಾಗs ಇರ್ಲಿ.”

ನಾನೂ ನೆಲದ ಮೇಲೆ ಕುಳಿತು ಫೋನಿನ ದೀಪ ಹಚ್ಚಿದೆ. ಎರಡೂ ಕೈ ತುಂಬಿದ್ದವು; ಒಂದರಲ್ಲಿ ದೀಪ, ಇನ್ನೊಂದರಲ್ಲಿ ಟವೆಲ್. ಆತ ಬಹಳ ಹೊತ್ತು ನಿಂತಿದ್ದ. ಆಮೇಲೆ ಕುಳಿತು ಬೂಟು ಬಿಚ್ಚಿದ. ಬೂಟಿನ ತಳದಿಂದ ಒಂದು ಮೊಳೆಯ ತುದಿ ಒಳಗೆ ಇಣುಕುತ್ತಿತ್ತು. ವಾರಗಟ್ಟಲೆ ಅದರ ಮೇಲೆ ನಡೆದಿದ್ದ, ಶುಗರಿನಿಂದ ಪಾದದ ಸ್ಪರ್ಶವೇ ಹೋಗಿ ಆತನಿಗೆ ಗೊತ್ತೇ ಆಗಿರಲಿಲ್ಲ. ನಸ್ರೀನ್ ಮೊಳೆಯನ್ನು ತೋರಿಸಿದಾಗ ಅದು ಬೇರೆ ಯಾರದೋ ಬೂಟು ಎಂಬಂತೆ ನೋಡಿದ. ಅಂದೇ ನಸ್ರೀನ್ ತಮ್ಮ ಕಾರಿನಲ್ಲಿ ಆತನನ್ನು ಆಸ್ಪತ್ರೆಗೆ ಕರೆದೊಯ್ದರು. ಎರಡು ಬೆರಳು ಹೋದವು. ಕಾಲು ಉಳಿಯಿತು.

ಆತನ ಹೆಸರು ಈಗ ನನಗೆ ಗೊತ್ತು. ತಾನೇ ಹೇಳಿದ, ವಯಸ್ಸೂ ಊರೂ ಸೇರಿಸಿ. ಆದರೂ ಆಮೇಲೆ ಬರೆದ ಲಾಂಡ್ರಿಯ ವರದಿಯಲ್ಲಿ ಅದನ್ನು ಬರೆಯಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ನನ್ನ ಹಳೆಯ ಮುಖ್ಯ ವರದಿಗಾರರು ಇದನ್ನು ಬುಟ್ಟಿಗೆ ಹಾಕುತ್ತಿದ್ದರು, ಹಾಕಲಿ.

ಮೊನ್ನೆ ಶನಿವಾರ ಡ್ರೈಯರಿನಿಂದ ಆ ವಾಸನೆ ಬಂತಲ್ಲ, ಮರುದಿನ ಬಹಳ ತಿಂಗಳ ಮೇಲೆ ಆ ಕಡೆ ಡ್ರೈವ್ ಮಾಡಿದೆ. ನಸ್ರೀನ್ ಈಗ ಇಲ್ಲಿಲ್ಲ. ಗಂಡನ ಕೆಲಸದ ನಿಮಿತ್ತ ಶಿಕಾಗೋ ಕಡೆ ಹೋಗಿದ್ದಾರೆ, ಅಲ್ಲಿಯೂ ಒಂದು ಲಾಂಡ್ರಿ ಹುಡುಕಿಕೊಂಡಿದ್ದಾರಂತೆ. ಇಲ್ಲಿ ಬೆಂಚಿನ ಮುಂದೆ ಕುಳ್ಳ ಸ್ಟೂಲಿನ ಮೇಲೆ, ಕಾಲು ಉಳಿಸಿಕೊಂಡ ಆತನೇ ಕುಳಿತಿದ್ದ. ಛಾವಣಿ ಹತ್ತುವುದು ಇನ್ನು ಸಾಧ್ಯವಿಲ್ಲ. ಕಚೇರಿಯವರು ತರಬೇತಿ ಕೊಟ್ಟು ಇಲ್ಲಿ ಪಾದ ನೋಡುವ ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಗಂಡಸರು ನಗುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ ಸಾಲಾಗಿ ಕುಳಿತು ಬೂಟು ಬಿಚ್ಚುತ್ತಿದ್ದರು. ಇದನ್ನು ಬರೆಯಬೇಕೆಂದುಕೊಂಡು ಗೋಡೆಗೊರಗಿ ನಿಂತೆ.

“ಸೆನ್ಯೋರ್, ಯಾಕೆ ನಿಂತಿದ್ದೀರಿ? ಕೂತುಕೊಳ್ಳಿ,” ಎಂದ ಇಂಗ್ಲಿಷಿನಲ್ಲಿ.

“ನಾನು ಸುಮ್ಮನೆ ನೋಡಲು ಬಂದೆ.”

“ಎಲ್ಲರೂ ಸುಮ್ಮನೆ ನೋಡಲೇ ಬರುತ್ತಾರೆ. ಶುಗರ್ ಇದೆಯಾ?”

ಇಲ್ಲ ಎನ್ನುವುದು ಸುಲಭವಿತ್ತು. ಕೌಂಟರಿನ ಹಿಂದಿನಿಂದ ಎಲ್ವೀರಾ ನೋಡುತ್ತಿದ್ದರು. ಕುಳಿತು ಒಂದು ಬೂಟು ಬಿಚ್ಚಿದೆ. ಆತ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳುಗಳ ಸಂದನ್ನೆಲ್ಲ ನಿಧಾನವಾಗಿ ನೋಡಿದ. ಆಮೇಲೆ ತೆಳ್ಳಗಿನ ನೈಲಾನ್ ಎಳೆಯೊಂದನ್ನು ತೆಗೆದ. ಕಣ್ಣು ಮುಚ್ಚಿ, ತಾಗಿದಾಗ ಹೇಳಿ ಎಂದ.

“ಈಗ?”

“ಹೂಂ.”

“ಈಗ?”

“ಹೂಂ.”

ಆಮೇಲೆ ಯಂತ್ರಗಳ ಸದ್ದು ಮಾತ್ರ ಕೇಳುತ್ತಿತ್ತು. ಇನ್ನೂ ತಾಗಿಸಿಲ್ಲವೆಂದು ಕಾಯುತ್ತಿದ್ದೆ. ಕೊನೆಗೆ ಕಣ್ಣು ತೆರೆದೆ. ಎಳೆ ನನ್ನ ಹೆಬ್ಬೆರಳಿನ ಬುಡಕ್ಕೆ ಒತ್ತಿಕೊಂಡು, ಬಿಲ್ಲಿನಂತೆ ಬಾಗಿ ನಿಂತಿತ್ತು.

ಆತ ನನ್ನ ಮುಖ ನೋಡಿ ಒಮ್ಮೆ ತಲೆಯಾಡಿಸಿದ; ತಾಗಿದ್ದು ತಿಳಿಯದ ಆ ಸಂಗತಿ ಆತನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಮೇಲೆ ಸಾಲಿನಲ್ಲಿದ್ದ ಮುಂದಿನವನ ಕಡೆ ತಿರುಗಿ, ಸ್ವಲ್ಪ ಕಾಯಬೇಕು, ಇವರಿಗೆ ಸಮಯ ಹಿಡಿಯುತ್ತದೆ ಎಂದು ಹೇಳಿದ. ನಾನು ಇನ್ನೊಂದು ಬೂಟನ್ನೂ ಬಿಚ್ಚಿದೆ.