ಬೋಪಣ್ಣನವರ ಗರಿಕೆ

ಪಾಚಿ ಕೆರೆಯಲು ಮಂಡಿಯೂರಿ ಕೂತಾಗಲೂ ಸುಬೇದಾರ್ ಬೋಪಣ್ಣನವರ ಬೆನ್ನು ನೆಟ್ಟಗೇ ಇರುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಬ್ಬಿಣದ ಹಲ್ಲುಗಳ ಕುಂಟೆ, ಮುಖದಲ್ಲಿ ಯಾರನ್ನೋ ವಿಚಾರಣೆ ಮಾಡುತ್ತಿರುವ ಬಿಗಿ.

ಫರೀದಾಬಾದಿನಲ್ಲಿ ಅವರ ಮನೆಯ ಮಹಡಿಯ ಮೇಲೆ ನಾನು ಬಾಡಿಗೆಗಿದ್ದೆ, ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಮೇಷ್ಟ್ರು. ಅವರು ಕೊಡಗಿನವರು, ಸೈನ್ಯ ಬಿಟ್ಟ ಮೇಲೆ ಕಾರ್ಖಾನೆಯೊಂದರ ಕಾವಲು ನೋಡಿಕೊಂಡು ಇಲ್ಲೇ ಉಳಿದವರು. ಮಕ್ಕಳಿರಲಿಲ್ಲ. ಹೆಂಡತಿ ಪೊನ್ನಮ್ಮ ದಿನವೂ ಬೆಳಿಗ್ಗೆ ಮನೆಯೆದುರಿನ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. "ಇಷ್ಟು ಧೂಳಿನ ಊರಲ್ಲಿ ಇದೊಂದೇ ನನಗೆ ತಂಪು" ಎನ್ನುತ್ತಿದ್ದರು.

ಪಕ್ಕದ ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸಿದ ಮೇಲೆ ಆ ಹುಲ್ಲಿಗೆ ಬಿಸಿಲು ತಪ್ಪಿತು. ಆ ಹೊಸ ಮನೆಯ ಟ್ಯಾಂಕಿನ ಪೈಪು ಸೋರಿ ನೆಲ ಸದಾ ಒದ್ದೆ. ಮಳೆಗಾಲಕ್ಕೆ ಹುಲ್ಲೆಲ್ಲ ಸತ್ತು ದಪ್ಪ ಪಾಚಿ ಹಬ್ಬಿತು. ಒಂದು ಬೆಳಿಗ್ಗೆ ಪೊನ್ನಮ್ಮ ಅದರ ಮೇಲೆ ಜಾರಿ ಬಿದ್ದರು. ಬೆನ್ನೆಲುಬು ಮುರಿಯಿತು. ಸೊಂಟದಿಂದ ಕೆಳಗೆ ಇನ್ನು ಏನೂ ತಿಳಿಯುವುದಿಲ್ಲ ಎಂದರು ಡಾಕ್ಟರು.

"ಟೈಲ್ಸ್ ಲಗವಾ ಲೋ ಅಂಕಲ್‌ಜೀ, ಝಂಝಟ್ ಖತಮ್" ಎಂದು, ಟೈಲ್ಸ್ ಹಾಕಿಸಿ ರಗಳೆ ಮುಗಿಸಲು ಹೇಳಿದ ಪಕ್ಕದ ಮನೆಯವನು. ಮರುದಿನದಿಂದ ಬೋಪಣ್ಣ ಬೆಳಿಗ್ಗೆ ಎದ್ದು ಅವನ ಗೇಟಿನ ಮುಂದೆ ಅಟೆನ್ಶನ್‌ನಲ್ಲಿ ನಿಲ್ಲತೊಡಗಿದರು. ಮಾತಿಲ್ಲ, ಬೈಗುಳವಿಲ್ಲ. ಓಡಾಡುವವರೆಲ್ಲ ಏನೆಂದು ಕೇಳತೊಡಗಿದಾಗ ಅವನು ಪ್ಲಂಬರನನ್ನು ಕರೆಸಿದ.

ಆಮೇಲೆ ಬೋಪಣ್ಣ ಅಂಗಳದ ನೇರಳೆ ಮರದ ಕೊಂಬೆ ಕಡಿಸಿ ಒಂದಿಷ್ಟು ಬೆಳಕು ಬಿಡಿಸಿದರು. ಪಾಚಿ ಕೆರೆದರು, ಒಣಗಿ ಕಲ್ಲಾಗಿದ್ದ ನೆಲವನ್ನು ಮುಳ್ಳುಗುದ್ದಲಿಯಿಂದ ಚುಚ್ಚಿ ಮರಳು ತುಂಬಿದರು, ಗರಿಕೆಯ ಕಡ್ಡಿ ನೆಟ್ಟರು. ನಾನೊಮ್ಮೆ ಪಾಚಿಗೆ ಔಷಧಿ ಹೊಡೆಯಬಾರದೇ ಎಂದೆ.

"ಪಾಚಿ ಹುಲ್ಲನ್ನ ಕೊಲ್ಲಲ್ಲ ಮೇಷ್ಟ್ರೇ. ಹುಲ್ಲು ಸತ್ತ ಜಾಗಕ್ಕೆ ಬಂದು ಕೂರುತ್ತೆ, ಅಷ್ಟೇ."

ಚಳಿಗಾಲವಿಡೀ ಗರಿಕೆ ಒಣಗಿದ ನಾರಿನಂತೆ ಬಿದ್ದಿತ್ತು. ಹೋಳಿಯ ಹೊತ್ತಿಗೆ ಚಿಗುರಿತು. ಒಂದು ಮಧ್ಯಾಹ್ನ ನಾವಿಬ್ಬರೂ ಸೇರಿ ಪೊನ್ನಮ್ಮನವರನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದೆವು. ಬೋಪಣ್ಣ ಅವರ ಕಾಲ್ಚೀಲ ಬಿಚ್ಚಿ, ಒಂದೊಂದೇ ಪಾದವನ್ನು ಎತ್ತಿ ಹುಲ್ಲಿನ ಮೇಲಿಟ್ಟರು. ಪೊನ್ನಮ್ಮ ತಮ್ಮ ಪಾದಗಳನ್ನು ಬೇರೆ ಯಾರದೋ ಎಂಬಂತೆ ನೋಡಿದರು.

"ತಣ್ಣಗಿದೆಯಾ?" ಎಂದು ಗಂಡನನ್ನು ಕೇಳಿದರು.

ಬೋಪಣ್ಣ ಅಂಗೈ ಇಟ್ಟು ನೋಡಿದರು. ಬಿಸಿಲು ನೆತ್ತಿಯ ಮೇಲಿತ್ತು, ಚಪ್ಪಲಿ ಬಿಟ್ಟಿದ್ದ ನನ್ನ ಕಾಲಿಗೆ ನೆಲ ಬೆಚ್ಚಗಿತ್ತು.

"ಹ್ಞೂಂ. ತಣ್ಣಗಿದೆ."

"ಅಚ್ಛಾ" ಎಂದು ಪೊನ್ನಮ್ಮ ಕಣ್ಣು ಮುಚ್ಚಿದರು.

ಆ ಬೇಸಿಗೆಯಲ್ಲಿ ಹಾಸಿಗೆ ಹುಣ್ಣು ಕೀವಾಗಿ, ನಂಜೇರಿ ಅವರು ತೀರಿಕೊಂಡರು.

ಬೋಪಣ್ಣನವರನ್ನು ನಾನು ಕೊನೆಯ ಸಲ ಕಂಡದ್ದು ಅದೇ ಮಳೆಗಾಲದಲ್ಲಿ, ಬೇರೆ ಕೆಲಸ ಸಿಕ್ಕಿ ಮನೆ ಬಿಡುವ ದಿನ. ಜಗಲಿಯಲ್ಲಿ ಕೂತಿದ್ದರು. ಗೋಡೆಯ ಬುಡದಿಂದ ಪಾಚಿ ಮತ್ತೆ ಹೊರಟಿತ್ತು, ಗರಿಕೆಯ ನಡುವೆ ಅಲ್ಲಲ್ಲಿ ಕಪ್ಪು ಹಸಿರು.

"ಹೊರಡೋ ಮುಂಚೆ ಕೆರೆದು ಹೋಗಲಾ ಸರ್?" ಎಂದೆ.

"ಬೇಡಪ್ಪಾ" ಎಂದರು. "ಯಾರು ನಡೀಬೇಕು?"